ತೊಟ್ಟಿಲಿಗೆ ಕೇಳಿದ ಬೆಡಿ

ಕೊಡಗಿನ ಹಳೆಯ ಮನೆಗಳಲ್ಲಿ ಗಂಡು ಮಗು ಹುಟ್ಟಿದರೆ ಅದರ ಕಿವಿಗೆ ಬೀಳುತ್ತಿದ್ದ ಮೊದಲ ದೊಡ್ಡ ಸದ್ದು ಕೋವಿಯದು. ಒಳಗೆ ಸೂಲಗಿತ್ತಿ ಕೂಸನ್ನು ಒರೆಸಿ ಬಟ್ಟೆಯಲ್ಲಿ ಸುತ್ತುತ್ತಿದ್ದಂತೆ ಅಂಗಳದಲ್ಲಿ ಮನೆಯವರೊಬ್ಬರು ಕೋವಿಯನ್ನು ಆಕಾಶಕ್ಕೆತ್ತಿ ಒಂದು ಬೆಡಿ ಹೊಡೆಯುತ್ತಿದ್ದರು. ಔಡಲ ಗಿಡದ ಕಡ್ಡಿಯಿಂದ ಮಾಡಿದ ಪುಟ್ಟ ಬಿಲ್ಲನ್ನೂ, ಅದೇ ಗಿಡದ ಎಲೆಯ ದೇಟಿನ ಬಾಣವನ್ನೂ ಅದೇ ಹೊತ್ತಿಗೆ ಕೂಸಿನ ಮುಷ್ಟಿಗೆ ಹಿಡಿಸುತ್ತಿದ್ದರು. ಮಡಿಕೇರಿಯ ಶಾಲೆಯ ಮುಖ್ಯಸ್ಥರಾಗಿದ್ದ ಜರ್ಮನ್ ಪಾದ್ರಿ ಜಿ. ರಿಕ್ಟರ್ 1870ರಲ್ಲಿ ಅಚ್ಚು ಹಾಕಿಸಿದ ಕೊಡಗಿನ ಕೈಪಿಡಿಯಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಅವರ ನಂತರ ಕೊಡಗಿನ ಬಗ್ಗೆ ಬರೆದವರಲ್ಲಿ ಹಲವರು ಈ ಬಿಲ್ಲನ್ನೂ ಬೆಡಿಯನ್ನೂ ಬಿಡದೆ ಹೇಳುತ್ತ ಬಂದರು. ಆ ಸದ್ದಿಗೆ ಮಗು ಏನು ಮಾಡಿತು ಎಂದು ಮಾತ್ರ ಯಾರೂ ಬರೆದಂತಿಲ್ಲ. ಅವರಲ್ಲಿ ಹೆಚ್ಚಿನವರು ಗಂಡಸರು, ಅಂಗಳದಲ್ಲಿ ನಿಂತು ಕೇಳಿಸಿಕೊಂಡವರು.

ಹೆಣ್ಣು ಮಗುವಿಗೆ ಬೆಡಿ ಇರಲಿಲ್ಲ. ನಾನು ಹುಟ್ಟಿದ ದಿನ ನಮ್ಮ ಅಂಗಳ ಸುಮ್ಮನಿತ್ತಂತೆ. ಕಿವಿಯ ಲೆಕ್ಕದಲ್ಲಿ ಅದೂ ಒಂದು ಲಾಭವೇ ಅನ್ನಿ.

ನಾನು ಸರಕಾರಿ ದಾದಿಯಾಗಿದ್ದವಳು. ಹಳ್ಳಿಯವರ ಬಾಯಲ್ಲಿ ‘ಸಿಸ್ಟರ್’. ನಾಲ್ಕುನಾಡಿನ ಮನೆಗಳಲ್ಲೂ, ಆಮೇಲೆ ಘಟ್ಟದ ಕೆಳಗೆ ಸಂಪಾಜೆ ಕಡೆಯಲ್ಲೂ ಹೆರಿಗೆ ಮಾಡಿಸಿದ್ದೇನೆ. ಆದ್ದರಿಂದ ಪುಸ್ತಕದವರು ಬಿಟ್ಟದ್ದನ್ನು ನಾನು ಹೇಳಬಹುದು. ಬೆಡಿ ಬಿದ್ದಾಗ ಕೂಸಿನ ಎರಡೂ ಕೈ ಒಮ್ಮೆಗೇ ಅಗಲವಾಗಿ ತೆರೆಯುತ್ತವೆ, ಬೆರಳು ಬಿಡಿಸಿಕೊಳ್ಳುತ್ತವೆ, ಮರುಕ್ಷಣ ಏನನ್ನೋ ತಬ್ಬಿಕೊಳ್ಳುವಂತೆ ಒಳಕ್ಕೆ ಬರುತ್ತವೆ, ಅದಾದ ಮೇಲೆ ಅಳು. ವೈದ್ಯರು ಇದಕ್ಕೆ ಮೊರೊ ಪ್ರತಿಕ್ರಿಯೆ ಎನ್ನುತ್ತಾರೆ. ನಾಲ್ಕರಿಂದ ಆರು ತಿಂಗಳೊಳಗೆ ಅದು ತಾನಾಗಿ ಹೋಗುತ್ತದೆ. ಮಗುವಿಗೆ ಕಿವಿ ಕೇಳುತ್ತದೆ ಎಂಬ ಸಮಾಧಾನ ಅದರಿಂದ ಸಿಗುತ್ತಿತ್ತು. ಮನೆಯ ಹಿರಿಯರು ಅದನ್ನು ಬೇರೆಯಾಗಿ ಓದುತ್ತಿದ್ದರು. ‘ನೋಡಿ ಸಿಸ್ಟರ್, ಬೆಡಿ ಕೇಳಿ ಬಿಲ್ಲು ಎಳೆಯುತ್ತಿದ್ದಾನೆ’ ಎಂದು ನಗುತ್ತಿದ್ದರು.

ಕೋವಿ ಯಾಕೆ ಬೇಕಿತ್ತು? ಶೌರ್ಯ, ಬೇಟೆ, ಪೂರ್ವಜರು ಎಂಬ ದೊಡ್ಡ ಉತ್ತರಗಳಿವೆ. ನನಗೆ ಅವಕ್ಕಿಂತ ಮೊದಲು ಕಾಣುವುದು ನಮ್ಮ ಮನೆಗಳ ನಡುವಿನ ದೂರ. ಬಯಲುಸೀಮೆಯ ಹಾಗೆ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ ಊರು ಇಲ್ಲಿ ಇರಲಿಲ್ಲ. ಒಂದು ಒಕ್ಕದ (ಮನೆತನದ) ಮೂಲಮನೆಯಾದ ಐನ್‌ಮನೆ ಈ ಏರಿನ ಮೇಲಿದ್ದರೆ ಇನ್ನೊಂದು ಗದ್ದೆಯಾಚೆ ಮತ್ತೊಂದು ಏರಿನ ಮೇಲೆ, ನಡುವೆ ಕಾಡು, ಮಳೆಗಾಲದಲ್ಲಿ ತುಂಬಿದ ತೋಡು. ಹುಟ್ಟಿದ್ದನ್ನೂ ಸತ್ತದ್ದನ್ನೂ ಹೇಳಿಕಳಿಸಲು ಆಳು ಹೊರಟರೆ ಅರ್ಧ ದಿನ. ಬೆಡಿಯ ಸದ್ದಿಗೆ ಒಂದು ಮೈಲಿ ದಾಟಲು ಐದು ಸೆಕೆಂಡು ಸಾಕು. ಒಂದು ಬೆಡಿ ಬಿದ್ದರೆ ಗಂಡು ಮಗು, ಬೆನ್ನುಬೆನ್ನಿಗೆ ಎರಡು ಬಿದ್ದರೆ ಸಾವು. ಗದ್ದೆಯಲ್ಲಿದ್ದವರು ಮೊದಲನೆಯದು ಕೇಳಿ ನೇಗಿಲು ನಿಲ್ಲಿಸಿ ಎರಡನೆಯದು ಬರುತ್ತದೋ ಎಂದು ಉಸಿರು ಬಿಗಿ ಹಿಡಿಯುತ್ತಿದ್ದರು ಎಂದು ನನ್ನ ಅವ್ವ ಹೇಳುತ್ತಿದ್ದಳು. ಅಲ್ಲಿ ಸದ್ದೆಂದರೆ ಸುದ್ದಿ. ಸುದ್ದಿ ಮುಟ್ಟಿದ ಮೇಲೆ ಮತ್ತೆ ಹೊಡೆಯುವ ಕೆಲಸವಿಲ್ಲ, ಹೊಡೆದರೆ ಅರ್ಥವೇ ಕೆಡುತ್ತಿತ್ತು.

ಹಳೆಯ ಕೇಪಿನ ಕೋವಿಯಲ್ಲಿ ಹಾಗೆ ಸುಮ್ಮನೆ ಹೊಡೆಯುತ್ತಿರಲೂ ಆಗುತ್ತಿರಲಿಲ್ಲ. ಕಪ್ಪು ಮದ್ದನ್ನು ನಳಿಗೆಯ ಬಾಯಿಂದ ಅಳೆದು ಹಾಕಬೇಕು. ಆ ಮದ್ದು ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಮೇಲೆ ತೆಂಗಿನ ನಾರನ್ನೋ ಚಿಂದಿಯನ್ನೋ ತುರುಕಿ ಗಜದಿಂದ ಇಡಿಯಬೇಕು, ಹಿಂದೆ ಕೇಪು ಕೂರಿಸಬೇಕು. ಹಬ್ಬದ ಬೆಡಿಗೆ ಚರೆ ಹಾಕುವಂತಿಲ್ಲ. ಇಷ್ಟೆಲ್ಲ ಆಗಿ ಒಂದು ಸಲ ಢಮ್ಮೆಂದರೆ ಮುಂದಿನದಕ್ಕೆ ಮತ್ತೆ ಮೊದಲಿಂದ ಶುರು. ಮದ್ದೂ ಅಗ್ಗವಲ್ಲ. ಒಂದೇ ಬೆಡಿಗೆ ಅಷ್ಟು ಬೆಲೆ ಬಂದದ್ದು ಸಂಪ್ರದಾಯದ ಘನತೆಯಿಂದ ಎಷ್ಟೋ, ಈ ರಗಳೆಯಿಂದಲೂ ಅಷ್ಟೇ.

ಕೋವಿ ಮನೆಯ ಗೋಡೆಯ ಮೇಲೆ ಉಳಿದದ್ದಕ್ಕೆ ಒಂದು ಕಾನೂನಿನ ಕಥೆಯೂ ಇದೆ. 1857ರ ದಂಗೆಯ ನಂತರ ಬ್ರಿಟಿಷರು ದೇಶದ ತುಂಬ ಆಯುಧ ಕಸಿಯಲು ಹೊರಟರು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ 1861ರ ಫೆಬ್ರವರಿಯಲ್ಲಿ ಕೊಡವರಿಗೆ ಆ ಕಾಯಿದೆಯಿಂದ ವಿನಾಯಿತಿ ಕೊಟ್ಟ. ಬೆಂಗಳೂರಿನ ಉದ್ಯಾನಕ್ಕೆ ಹೆಸರಾದ ಕಬ್ಬನ್ನೇ ಅವನು. ಅದಾಗಿ ಎರಡು ತಿಂಗಳಿಗೆ, ಊರಿಗೆ ಹೊರಟ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಅವನು ಕೊಟ್ಟ ವಿನಾಯಿತಿ ಮಾತ್ರ ಹಲವು ಸರಕಾರಗಳನ್ನು ದಾಟಿ ಬಂತು. ಸ್ವತಂತ್ರ ಭಾರತದ 1959ರ ಆಯುಧ ಕಾಯಿದೆಯ ಕೆಳಗೂ ಕೊಡವರಿಗೂ ಯಾವುದೇ ಜಾತಿಯ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಅದು ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು ಇನ್ನೂ ಹತ್ತು ವರ್ಷಕ್ಕೆ ವಿಸ್ತರಿಸಿತು, 2021ರಲ್ಲಿ ಹೈಕೋರ್ಟು ಎತ್ತಿಹಿಡಿಯಿತು. ಹಾಗಾಗಿ ನಮ್ಮ ಮಕ್ಕಳು ಕೋವಿ ನೇತಾಡುವ ಗೋಡೆಯ ಕೆಳಗೇ ತೊಟ್ಟಿಲಲ್ಲಿ ಮಲಗಿ ಬೆಳೆದರು.

ಹುಟ್ಟಿದ ಬೆಡಿಯ ನಂತರ ಮಗುವಿಗೆ ಬರುವ ದೊಡ್ಡ ಪರೀಕ್ಷೆ ಹೊಸ ಕದಿರಿನ ಹಬ್ಬ ಹುತ್ತರಿ.

ನವೆಂಬರ್ ಕೊನೆಗೋ ಡಿಸೆಂಬರಿಗೋ, ಹುಣ್ಣಿಮೆಯ ಆಸುಪಾಸಿನ ರೋಹಿಣಿ ನಕ್ಷತ್ರದ ರಾತ್ರಿ. ದಿನವನ್ನೂ ಗಳಿಗೆಯನ್ನೂ ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿ ಮಾಡುತ್ತಾರೆ. ನೆರೆ ಕಟ್ಟಲು ಒಂದು ಮುಹೂರ್ತ, ಕದಿರು ತೆಗೆಯಲು ಒಂದು, ಊಟಕ್ಕೆ ಇನ್ನೊಂದು. ಮೊದಲು ದೇವಸ್ಥಾನದಲ್ಲಿ ಕದಿರು, ಆಮೇಲೆ ನಾಡಿಗೆ. ಐನ್‌ಮನೆಯ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯಲ್ಲಿ ದೀಪ ಹಚ್ಚಿ, ಅರಳಿ, ಮಾವು ಎಂದು ಐದು ಬಗೆಯ ಎಲೆಗಳ ನೆರೆ ಕಟ್ಟಿ, ಕುಪ್ಯದ ನಿಲುವಂಗಿ ತೊಟ್ಟ ಗಂಡಸರೂ ತಟ್ಟೆಯಲ್ಲಿ ಅಕ್ಕಿಯ ಮೇಲಿಟ್ಟ ತಳಿಯತಕ್ಕಿ ದೀಪ ಹಿಡಿದ ಹೆಂಗಸರೂ ಗದ್ದೆಗೆ ಇಳಿಯುತ್ತಾರೆ. ಗದ್ದೆಯಲ್ಲಿ ಮೊದಲು ಬೆಡಿ, ಕೂಡಲೇ ಕುಡುಗೋಲು, ಅದರ ಜೊತೆಗೇ ‘ಪೊಲಿ ಪೊಲಿ ದೇವಾ’ ಎಂಬ ಕೂಗು. ಬೆಟ್ಟದಾಚೆಯ ಮನೆಯ ಬೆಡಿ ಇಲ್ಲಿಗೆ ಕೇಳುತ್ತದೆ, ನಮ್ಮದು ಅವರಿಗೆ. ಒಂದೈದು ನಿಮಿಷ ಇಡೀ ನಾಡು ಒಂದಕ್ಕೊಂದು ಓಗೊಡುತ್ತಿರುತ್ತದೆ.

ನಮ್ಮ ಮನೆಯಲ್ಲಿ ಹಸುಗೂಸು ಇದ್ದ ವರ್ಷ ಅಜ್ಜಿಯ ಏರ್ಪಾಡು ಮುಹೂರ್ತದ ಹಿಂದೆಯೇ ನಡೆಯುತ್ತಿತ್ತು. ಕದಿರು ರಾತ್ರಿ ಎಂಟೂಮುಕ್ಕಾಲಿಗೆ ಎಂದಾದರೆ ಎಂಟೂವರೆಗೆ ಕೂಸಿನ ಬಾಯಿ ಮೊಲೆಗೆ. ಹಾಲು ಕುಡಿಯುವ ಮಗು ಸದ್ದಿಗೆ ಅಷ್ಟು ಹೆದರುವುದಿಲ್ಲ ಎಂಬುದು ಅವಳ ಸಿದ್ಧಾಂತ. ತಾಯಿ ನಡುಮನೆಯಲ್ಲಿ, ಗದ್ದೆಗೆ ಬೆನ್ನು ಹಾಕಿ ಕೂರಬೇಕು. ಮಗುವಿನ ಒಂದು ಕಿವಿ ತಾಯಿಯ ಎದೆಗೆ ಒತ್ತಿಕೊಂಡಿರಬೇಕು, ಇನ್ನೊಂದರ ಮೇಲೆ ಅಂಗೈ. ಬೆರಳಿನಿಂದ ಮುಚ್ಚಕೂಡದು, ಇಡೀ ಅಂಗೈ ಬಟ್ಟಲಾಗಬೇಕು. ಹತ್ತಿ ತುರುಕಲು ಹೋದ ಚಿಕ್ಕಮ್ಮನಿಗೆ ಅಜ್ಜಿ ಬೈದದ್ದು ನೆನಪಿದೆ: ‘ಒಳಗೆ ಹೋದ ಹತ್ತಿಯನ್ನು ಯಾರು ತೆಗೆಯುತ್ತಾರೆ, ನೀನಾ?’ ದಾದಿ ತರಬೇತಿಯಲ್ಲಿ ನಮಗೆ ಕಲಿಸಿದ್ದೂ ಅದನ್ನೇ, ಇಷ್ಟು ಖಾರವಾಗಿ ಅಲ್ಲ.

ಈ ಏರ್ಪಾಡಿನ ಜೀವ ಇದ್ದದ್ದು ಗಳಿಗೆಯಲ್ಲಿ. ಸದ್ದು ಎಷ್ಟು ಹೊತ್ತಿಗೆ, ಯಾವ ದಿಕ್ಕಿನಿಂದ, ಎಷ್ಟು ಸಲ ಎಂಬುದೆಲ್ಲ ಮೊದಲೇ ಗೊತ್ತು. ಹೊಡೆಯುವವನು ಗದ್ದೆಯ ಬದುವಿನಲ್ಲಿ, ಮಗು ಮೇಲೆ ಮಣ್ಣಿನ ದಪ್ಪ ಗೋಡೆಯ ಒಳಗೆ. ಸದ್ದು ಮುಗಿದ ಮೇಲೆ ಕದಿರು ಮನೆಗೆ ಬರುತ್ತದೆ, ತಂದವನ ಕಾಲು ತೊಳೆದು ಹಾಲು ಕೊಡುತ್ತಾರೆ, ಕದಿರನ್ನು ಎಲೆಯಲ್ಲಿ ಸುತ್ತಿ ದೀಪಕ್ಕೆ, ಕಂಬಕ್ಕೆ, ನಮ್ಮಲ್ಲಿ ತೊಟ್ಟಿಲ ಹಗ್ಗಕ್ಕೂ ಕಟ್ಟುತ್ತಿದ್ದರು. ಹಲ್ಲು ಬಂದ ಮಕ್ಕಳಿಗೆ ತಂಬಿಟ್ಟು. ಹುರಿದ ಕುಸುಬಲಕ್ಕಿಯ ಹಿಟ್ಟಿಗೆ ಕಳಿತ ಬಾಳೆಹಣ್ಣು ಕಿವುಚಿ, ತುಪ್ಪ, ಎಳ್ಳು, ತೆಂಗಿನತುರಿ ಹಾಕಿದ್ದು. ವರ್ಷದ ಕೂಸಿಗೆ ಅದಕ್ಕಿಂತ ಒಳ್ಳೆಯ ಹಬ್ಬದೂಟವನ್ನು ಯಾವ ಮಕ್ಕಳ ತಜ್ಞರೂ ಬರೆದುಕೊಡಲಾರರು, ಎಳ್ಳು ಗಂಟಲಿಗೆ ಹತ್ತದಂತೆ ಅರೆದಿದ್ದರೆ ಆಯಿತು.

ಇನ್ನು ಬೆಂಕಿ. ಘಟ್ಟದ ಕೆಳಗಿನ ಸಂಪಾಜೆ, ಪೆರಾಜೆ, ಚೆಂಬು ಕಡೆ ನನಗೆ ವರ್ಗವಾದಾಗ ನೋಡಿದ್ದು ವಿಷ್ಣುಮೂರ್ತಿಯ ಒತ್ತೆಕೋಲ. ಸುಳ್ಯ ಸೀಮೆಗೂ ಕೊಡಗಿಗೂ ಸೇರಿದ ಆಚರಣೆ ಅದು. ಸಂಜೆ ಸೌದೆಯ ದೊಡ್ಡ ರಾಶಿಗೆ ಬೆಂಕಿ ಕೊಡುತ್ತಾರೆ, ಅದು ರಾತ್ರಿಯಿಡೀ ಉರಿದು ಬೆಳಗಿನ ಜಾವಕ್ಕೆ ಕೆಂಡದ ಗುಡ್ಡವಾಗುತ್ತದೆ. ಅದೇ ಮೇಲೇರಿ. ತೆಂಗಿನ ಗರಿಯ ಉಡುಪಿನಲ್ಲಿ ದೈವ ಬಂದು ಅದರ ಮೇಲೆ ಬೀಳುತ್ತದೆ, ಎಳೆದು ಹಿಡಿದವರ ಕೈಯಿಂದ ತಪ್ಪಿಸಿಕೊಂಡು ಮತ್ತೆ ಬೀಳುತ್ತದೆ. ಹರಕೆ ಹೊತ್ತ ತಾಯಂದಿರು ಹಸುಗೂಸುಗಳನ್ನು ಹೊತ್ತು ರಾತ್ರಿಯಿಡೀ ಅಲ್ಲೇ ಕೂತಿರುತ್ತಾರೆ. ಬೆಳಗಾದ ಮೇಲೆ ದೈವದ ಕೈಯಿಂದ ಗಂಧಪ್ರಸಾದ ಪಡೆದು ಮಗುವಿನ ಹಣೆಗೆ ಹಚ್ಚಿಯೇ ಮನೆಗೆ.

ಆರೋಗ್ಯ ಇಲಾಖೆಯವಳಾಗಿ ನನಗೆ ಮೊದಲ ಸಲ ಎದೆ ಢವಢವ. ನೋಡುತ್ತ ಕೂತಾಗ ತಿಳಿಯಿತು, ಅಲ್ಲಿ ದೂರವನ್ನು ಬೆಂಕಿಯೇ ಗೊತ್ತುಮಾಡುತ್ತಿತ್ತು. ಕೆಂಡದ ಝಳ ಮುಖಕ್ಕೆ ಹೊಡೆದ ಕೂಡಲೇ ಯಾರೂ ಹೇಳದೆ ಎಲ್ಲರೂ ಹಿಂದೆ ಸರಿಯುತ್ತಾರೆ. ಕೂಸಿನ ಕೆನ್ನೆ ಕೆಂಪಾದರೆ ತಾಯಿ ಎರಡು ಮಾರು ಹಿಂದಕ್ಕೆ. ಅನುಭವಸ್ಥ ಮುದುಕಿಯರು ಗಾಳಿ ಎತ್ತಣಿಂದ ಬೀಸುತ್ತಿದೆ ನೋಡಿ, ಹೊಗೆ ತಮ್ಮಿಂದ ಆಚೆಗೆ ಹೋಗುವ ಬದಿಯಲ್ಲೇ ಚಾಪೆ ಹಾಸುತ್ತಿದ್ದರು. ಬೆಂಕಿ ಸುಡುವ ಮುಂಚೆ ಎಚ್ಚರಿಸುತ್ತದೆ. ಸದ್ದಿಗೆ ಆ ಸೌಜನ್ಯವಿಲ್ಲ. ಕಿವಿಗೆ ಆಗುವ ಗಾಯಕ್ಕೆ ಕೆಂಪು ಬಣ್ಣವಿಲ್ಲ, ಬೊಬ್ಬೆ ಏಳುವುದಿಲ್ಲ. ಹತ್ತು ತಿಂಗಳ ಮಗು ‘ನನಗೆ ಗುಂಯ್ ಎನ್ನುತ್ತಿದೆ’ ಎಂದು ಹೇಳುವುದೂ ಇಲ್ಲ.

ಸದ್ದಿನ ಸ್ವಭಾವ ಬದಲಾದದ್ದು ಶಿವಕಾಶಿಯಿಂದ. ಅಲ್ಲಿನ ಷಣ್ಮುಗ ನಾಡಾರ್, ಅಯ್ಯ ನಾಡಾರ್ ಎಂಬ ದಾಯಾದಿಗಳು 1920ರ ದಶಕದ ಆರಂಭದಲ್ಲಿ ಕಲ್ಕತ್ತೆಗೆ ಹೋಗಿ ಬೆಂಕಿಪೊಟ್ಟಣ ಮಾಡುವುದನ್ನು ಕಲಿತು ಬಂದರು. ಬೆಂಕಿಕಡ್ಡಿಯಿಂದ ಶುರುವಾದ ಊರಿನ ಕಸುಬು ಪಟಾಕಿಗೆ ತಿರುಗಿತು. ಆ ಪಟಾಕಿ ಮಡಿಕೇರಿ, ವಿರಾಜಪೇಟೆಯ ಅಂಗಡಿಗಳಿಗೆ ಬಂದು, ದೀಪಾವಳಿಯ ಗೊಡವೆ ಅಷ್ಟಾಗಿ ಇಲ್ಲದ ಕೊಡವರ ಮನೆಗಳಿಗೂ ಹುತ್ತರಿಯ ನೆಪದಲ್ಲಿ ಹೊಕ್ಕಿತು. ಕೋವಿ ಎತ್ತಲು ಹಿರಿಯರೇ ಬೇಕು, ಪಟಾಕಿಗೆ ಊದುಬತ್ತಿ ಸಾಕು. ಒಂದು ಬೆಡಿಯ ಜಾಗದಲ್ಲಿ ಸರಪಟಾಕಿ, ಬೇರೆಯವರದು ಮುಗಿಯಿತೆಂದರೆ ನಮ್ಮದು ಶುರು ಎಂಬ ಪೈಪೋಟಿ. ಗದ್ದೆಯ ಬದುವಿನಲ್ಲಿದ್ದ ಸದ್ದು ಅಂಗಳಕ್ಕೆ, ಅಲ್ಲಿಂದ ಜಗಲಿಯ ಬುಡಕ್ಕೇ ಬಂತು. ಸುರುಸುರುಬತ್ತಿ ಸದ್ದು ಮಾಡುವುದಿಲ್ಲವೆಂದು ಎರಡು ವರ್ಷದ ಮಕ್ಕಳ ಕೈಗೆ ಕೊಡುವುದು ಇದೇ ಕಾಲದ ಅಭ್ಯಾಸ. ಅದರ ತುದಿಯ ಕಾವು ಸಾವಿರ ಡಿಗ್ರಿಯ ಆಸುಪಾಸು. ಹುತ್ತರಿಯ ಮರುದಿನ ನನ್ನ ಉಪಕೇಂದ್ರಕ್ಕೆ ಬರುತ್ತಿದ್ದ ಸುಟ್ಟ ಬೆರಳುಗಳು ಹೆಚ್ಚಾಗಿ ಈ ‘ಸಾಧು’ ಬತ್ತಿಯವೇ, ಉರಿದು ಆರಿದ ತಂತಿಯನ್ನು ತುಳಿದ ಪಾದಗಳೂ ಇರುತ್ತಿದ್ದವು.

ವಿಚಿತ್ರವೆಂದರೆ, ಇದೇ ಹೊತ್ತಿಗೆ ಹುಟ್ಟಿನ ಬೆಡಿ ಮಗುವಿನಿಂದ ದೂರವಾಯಿತು. ಹೆರಿಗೆಗಳು ಆಸ್ಪತ್ರೆಗೆ ಹೋದವು. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಮನೆಯಲ್ಲಿ ಹೆರುವವರು ಬಹಳ ವಿರಳವಾದರು. ವಾರ್ಡಿನ ಹೊರಗೆ ಬೆಡಿ ಹೊಡೆಯಲು ಬರುವುದಿಲ್ಲ. ಅಪ್ಪನಾದವನು ಜೀಪು ಹತ್ತಿ ಊರಿಗೆ ಹೋಗಿ, ಮಗುವೂ ತಾಯಿಯೂ ಇಲ್ಲದ ಅಂಗಳದಲ್ಲಿ ಬೆಡಿ ಹೊಡೆದು ಬರುತ್ತಾನೆ. ಅಷ್ಟರೊಳಗೆ ಸುದ್ದಿ ಫೋನಿನಲ್ಲಿ ದುಬೈವರೆಗೆ ಹೋಗಿ ಆಗಿರುತ್ತದೆ. ಯಾರಿಗೂ ಹೇಳಬೇಕಾಗಿಲ್ಲದ ಸುದ್ದಿಯನ್ನು ಕೋವಿ ಇನ್ನೂ ಹೇಳುತ್ತಿದೆ, ಪಾಪ. ಆದರೂ ಅದು ನಿಲ್ಲುವುದು ನನಗೆ ಬೇಡ.

ಮಡಿಕೇರಿ ದಸರಾದ ಮಾತೇ ಬೇರೆ. ರಾಜರ ಕಾಲದಲ್ಲಿ ರೋಗರುಜಿನ ತೊಲಗಲೆಂದು ನಾಲ್ಕು ಮಾರಿಯಮ್ಮ-ಶಕ್ತಿ ಗುಡಿಗಳ ಕರಗ ಊರು ಸುತ್ತಲು ಶುರುವಾಯಿತೆಂಬ ಪ್ರತೀತಿಯಿದೆ. ರೋಗದಿಂದ ಮಕ್ಕಳನ್ನು ಉಳಿಸಿಕೊಳ್ಳಲು ಹುಟ್ಟಿದ ಹಬ್ಬ ಎಂದರೂ ಆದೀತು. ಇಂದು ವಿಜಯದಶಮಿಯ ರಾತ್ರಿ ಹತ್ತು ಮಂಟಪಗಳು ಟ್ರ್ಯಾಕ್ಟರಿನ ಮೇಲೆ ಹೊರಟು ಬೆಳಗಿನವರೆಗೆ ಕಥಾಪ್ರದರ್ಶನ ನಡೆಸುತ್ತವೆ. ಅಲುಗಾಡುವ ಮೂರ್ತಿಗಳು, ಹೊಗೆ, ಬೆಂಕಿ, ಪಟಾಕಿ, ಎದೆಗೂಡು ನಡುಗಿಸುವ ಧ್ವನಿವರ್ಧಕ. ನನಗೆ ಮಂಟಪಗಳೆಂದರೆ ಇಷ್ಟ, ನೋಡದ ವರ್ಷ ಏನೋ ಕಳೆದುಕೊಂಡ ಹಾಗೆ. ಆದರೆ ಅದರಲ್ಲಿ ಗಳಿಗೆಯೇ ಇಲ್ಲ. ಮುಂದಿನ ಸದ್ದು ಯಾವಾಗ, ಎತ್ತಣಿಂದ, ಎಷ್ಟು ಹೊತ್ತು ಎಂದು ಯಾವ ಅಜ್ಜಿಯೂ ಲೆಕ್ಕ ಹಾಕಲಾರಳು. ಜನಜಂಗುಳಿಯ ನಡುವೆ ನಿಂತ ಮೇಲೆ ಹಿಂದೆ ಸರಿಯಲು ಜಾಗವೂ ಸಿಗುವುದಿಲ್ಲ.

ಮೈಸೂರಿನಲ್ಲಿರುವ ಮಗಳು ಫೋನ್ ಮಾಡಿ, ‘ಅವ್ವಾ, ಪಾಪುವನ್ನು ಮಂಟಪ ತೋರಿಸಲು ಕರೆತರಲಾ?’ ಎಂದು ಕೇಳಿದಾಗ ನಾನು ಅವಳಿಗೆ ಒಂದು ಲೆಕ್ಕ ಹೇಳಿದೆ. 1999ರ ನಿಯಮದ ಪ್ರಕಾರ ಪಟಾಕಿ ಸಿಡಿದ ಜಾಗದಿಂದ 4 ಮೀಟರ್ ದೂರದಲ್ಲಿ ಸದ್ದಿನ ಗರಿಷ್ಠ ಏಟು 145 ಡೆಸಿಬಲ್ ದಾಟಬಾರದು. ಮಕ್ಕಳ ಕಿವಿಗೆ ಅಂಥ ಏಟು 120ನ್ನು ಮೀರಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ದೊಡ್ಡವರಿಗೆ 140. ಬಯಲಲ್ಲಿ ದೂರ ಎರಡು ಪಟ್ಟಾದಾಗೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ. ಕೂಡಿ ಕಳೆದರೆ, ಕಾನೂನು ಒಪ್ಪುವ ಅತಿ ಜೋರಿನ ಒಂದು ಪಟಾಕಿಯಿಂದಲೇ ಮಗು 70 ಮೀಟರ್ ಆಚೆ ಇರಬೇಕು. ಅವಳು ಇಂಜಿನಿಯರು, ನನಗಿಂತ ಬೇಗ ಲೆಕ್ಕ ಮುಗಿಸಿದಳು. ‘ಎಪ್ಪತ್ತು ಮೀಟರ್ ಅಂದರೆ ನಮ್ಮ ಮನೆಯಿಂದ ಗದ್ದೆಯ ಬದುವಿನಷ್ಟು ಅಲ್ಲವಾ?’ ಅಂದಳು. ಹೆಚ್ಚುಕಡಿಮೆ ಅಷ್ಟೇ. ಐನ್‌ಮನೆ ಕಟ್ಟಿದವರು ಡೆಸಿಬಲ್ ಅಳೆದು ಕಟ್ಟಿದರೆಂದು ನಾನು ಹೇಳುವುದಿಲ್ಲ. ಗದ್ದೆಗೆ ನೀರು ನಿಲ್ಲುತ್ತದೆ, ಮನೆಗೆ ಏರು ಬೇಕು, ಅಷ್ಟೇ ಕಾರಣ. ಅದರ ಲಾಭ ತೊಟ್ಟಿಲಿಗೂ ಸಿಕ್ಕಿತು.

ಮಂಟಪಕ್ಕೆ ಅವಳು ಪಾಪುವನ್ನು ಸಂಜೆಯೇ, ಇನ್ನೂ ಅಲಂಕಾರ ನಡೆಯುತ್ತಿದ್ದಾಗ ಕರೆತಂದಳು. ದೀಪ ಹಚ್ಚಿ ಪರೀಕ್ಷಿಸುತ್ತಿದ್ದ ಹುಡುಗರು ಪಾಪುವಿಗಾಗಿಯೇ ಒಮ್ಮೆ ಗಣಪತಿಯ ಕಿವಿ ಆಡಿಸಿ ತೋರಿಸಿದರು. ಕತ್ತಲಾಗುವ ಮುಂಚೆ ಮನೆ ಸೇರಿದೆವು.

ಹಳೆಯ ಏರ್ಪಾಡನ್ನು ಹೊಗಳುವಾಗ ಒಂದನ್ನು ಮುಚ್ಚಿಡಬಾರದು. ಅಷ್ಟು ಜೋಪಾನವಾಗಿ ಒಳಗೆ ಕೂತ ಮಗುವಿನ ಜೊತೆ ಯಾವಾಗಲೂ ಒಬ್ಬಳು ಹೆಂಗಸು ಒಳಗಿರುತ್ತಿದ್ದಳು. ನನ್ನ ಅವ್ವ ಐದು ಮಕ್ಕಳ ತಾಯಿ. ಮದುವೆಯಾಗಿ ಬಂದ ಮೇಲೆ ಹತ್ತಾರು ವರ್ಷ ಕದಿರು ತೆಗೆಯುವುದನ್ನು ಕಣ್ಣಾರೆ ನೋಡಲೇ ಇಲ್ಲ, ಬೆನ್ನು ಹಾಕಿ ಕೂತು ಕೇಳಿದ್ದಷ್ಟೇ. ‘ಬೆಡಿಯ ಸದ್ದಿನಲ್ಲೇ ಯಾರ ಕೋವಿ ಅಂತ ಹೇಳುತ್ತಿದ್ದೆ’ ಎಂದು ಜಂಬ ಕೊಚ್ಚುತ್ತಿದ್ದಳು. ನೋಡಬೇಕೆನಿಸಲಿಲ್ಲವಾ ಎಂದರೆ ಮಾತು ತಿರುಗಿಸುತ್ತಿದ್ದಳು. ರಿಕ್ಟರ್ ಮುಂತಾದವರು ಹುತ್ತರಿಯ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ. ಕದಿರು ತೆಗೆಯುವ ಹೊತ್ತಿಗೆ ಮನೆಯೊಳಗೆ ಯಾರು ಉಳಿದಿದ್ದರು ಎಂಬುದು ಅವರ ಹುತ್ತರಿಯಲ್ಲಿ ನನಗೆ ಕಾಣಲಿಲ್ಲ.

ಮೊಮ್ಮಗಳು ಹುಟ್ಟಿದಾಗ ಅಳಿಯ ಊರಿಗೆ ಹೋಗಿ ಒಂದು ಬೆಡಿ ಹೊಡೆದ. ಹೆಣ್ಣಿಗೆ ಯಾಕೆ ಎಂದು ನೆರೆಮನೆಯ ಹಿರಿಯರೊಬ್ಬರು ಕೇಳಿದರಂತೆ. ಆಯುಧಗಳ ಹಬ್ಬ ಕೈಲ್‌ಪೊಳ್ದಿನ ತೆಂಗಿನಕಾಯಿ ಶೂಟಿಂಗಿನಲ್ಲಿ ಹೆಂಗಸರೂ ಗುರಿಯಿಡುವ ಕಾಲ, ಕೇಳಿದವರೇ ಆಮೇಲೆ ನಕ್ಕು ಕಾಫಿ ಕುಡಿದು ಹೋದರು. ಮೊದಲ ಹುತ್ತರಿಗೆ ಪಾಪುವಿಗೆ ಹನ್ನೊಂದು ತಿಂಗಳು. ಕಿವಿಗೆ ಹಾಕುವ ಮೆತ್ತನೆಯ ಮಫ್ ಒಂದನ್ನು ಮಗಳು ತರಿಸಿದ್ದಳು, ಪಾಪು ಅದನ್ನು ಕಿತ್ತು ಬಾಯಿಗೆ ಹಾಕಿಕೊಂಡಿತು. ಸರಪಟಾಕಿ ತರಬಾರದೆಂದು ಒಕ್ಕದ ಹುಡುಗರಿಗೆ ಮೊದಲೇ ಹೇಳಿದ್ದೆ, ತಂದರು, ಮಗು ಮೈಸೂರಿಗೆ ಹೋದ ಮೇಲೆ ಹೊಡೆಯಲು ಒಪ್ಪಿದರು. ನಡುಮನೆಯಲ್ಲಿ ಕೂರುವ ಸರದಿ ಯಾರದು ಎಂಬ ಚರ್ಚೆ ನೆರೆ ಕಟ್ಟುವ ಹೊತ್ತಿಗೂ ಮುಗಿದಿರಲಿಲ್ಲ. ಕೊನೆಗೆ ಅಳಿಯ ಕುಪ್ಯ ಚೇಲೆಯಲ್ಲೇ ಗದ್ದೆಗೆ ಬೆನ್ನು ಹಾಕಿ ಕೂತ. ಅಂಗೈಯನ್ನು ಹೇಗೆ ಬಟ್ಟಲಾಗಿಸಬೇಕೆಂದು ನಾನು ತೋರಿಸಿಕೊಟ್ಟೆ. ಮಗಳು ತಳಿಯತಕ್ಕಿ ದೀಪ ಹಿಡಿದು ಕೆಳಗಿಳಿದಳು.